ಲಿಂಕಿನಲ್ಲಿ ಮೊತ್ತ ಬರೆಯುವ ಬಗೆ

ಕಾಮೋಠೆಯ ಹೌಸಿಂಗ್ ಸೊಸೈಟಿಗಳಿಗೂ ಅಂಗಡಿಗಳಿಗೂ ಯುಪಿಐ ಲಿಂಕ್, ಕ್ಯೂಆರ್ ಮಾಡಿಕೊಡುವುದು ನನ್ನ ಕೆಲಸ. ಇದರಲ್ಲಿ ನಾನು ಕಲಿತ ಮುಖ್ಯ ಪಾಠ: ಬಿಲ್ಲಿನಲ್ಲಿ ಮನುಷ್ಯರು ಓದುವ ಮೊತ್ತವನ್ನು ಒಂದು ಬಗೆಯಲ್ಲಿ, ಲಿಂಕಿನೊಳಗೆ ಯಂತ್ರ ಓದುವ ಮೊತ್ತವನ್ನು ಇನ್ನೊಂದು ಬಗೆಯಲ್ಲಿ ಬರೆಯಬೇಕು.

ಮೇಂಟೆನೆನ್ಸ್ ಬಿಲ್ಲಿನಲ್ಲಿ ₹12,500 ಎಂದಿದ್ದರೆ ಓದಲು ಸುಲಭ. ಲಿಂಕಿನಲ್ಲಿ ಅದು 12500.00 ಆಗಬೇಕು. ಕಾಮಾ ಬೇಡ, ರೂಪಾಯಿ ಚಿಹ್ನೆಯೂ ಬೇಡ; ಯಾವ ದೇಶದ ಹಣವೆಂದು ಹೇಳಲು ಲಿಂಕಿನಲ್ಲಿ ಬೇರೆಯೇ ಜಾಗವಿದೆ. ಜಾವಾಸ್ಕ್ರಿಪ್ಟಿನ ‘ಪಾರ್ಸ್‌ಫ್ಲೋಟ್’ಗೆ 12,500 ಕೊಟ್ಟರೆ ಕಾಮಾ ಬಂದಲ್ಲಿಗೆ ನಿಂತು 12 ಎಂದು ಓದಿಕೊಳ್ಳುತ್ತದೆ. ತಪ್ಪಾಯಿತೆಂಬ ಸೂಚನೆಯನ್ನೂ ಕೊಡುವುದಿಲ್ಲ.

ಇಲ್ಲಿ ಮರಾಠಿಯಲ್ಲಿ ಫೋನ್ ಬಳಸುವವರು ಬಹಳ. ಭಾಷೆಗೆ ತಕ್ಕಂತೆ ಅಂಕಿ ಜೋಡಿಸುವ ಬ್ರೌಸರಿನ ಸೌಲಭ್ಯ ಮರಾಠಿಗೆ ದೇವನಾಗರಿ ಅಂಕಿಗಳನ್ನೇ ಕೊಡುತ್ತದೆ. ಜರ್ಮನ್ ಆದರೆ ದಶಮಾಂಶ ಬಿಂದುವಿನ ಜಾಗಕ್ಕೆ ಕಾಮಾ ಬರುತ್ತದೆ. ಪರದೆಯ ಮೇಲೆ ಇದು ಸರಿ. ಲಿಂಕಿಗೆ ಮಾತ್ರ ಫೋನಿನ ಭಾಷೆ ಯಾವುದಾದರೂ ಒಂದೇ ಬರವಣಿಗೆ.

ಬಿಟ್‌ಕಾಯಿನ್ ಬಳಗವೂ ಈ ಪ್ರಶ್ನೆಯನ್ನು ಎದುರಿಸಿತ್ತು. 2011ರ ‘ಬಿಐಪಿ 20’ ಪ್ರಸ್ತಾವದಲ್ಲಿ ಮೊತ್ತವನ್ನು ಹದಿನಾರರ ಮಾನದಲ್ಲೂ ಬರೆಯಬಹುದಿತ್ತು, ಹತ್ತರ ಘಾತವನ್ನೂ ಸೇರಿಸಬಹುದಿತ್ತು. 2012ರ ‘ಬಿಐಪಿ 21’ ಅದನ್ನೆಲ್ಲ ಬಿಟ್ಟು, ಬಿಟ್‌ಕಾಯಿನ್ ಲೆಕ್ಕದಲ್ಲಿ ದಶಮಾಂಶ ಸಂಖ್ಯೆ, ನಡುವೆ ಬಿಂದು, ಕಾಮಾ ನಿಷಿದ್ಧ ಎಂದು ಕಟ್ಟುಮಾಡಿತು. ಎಥೀರಿಯಂನ ‘ಇಐಪಿ 681’ ಅತಿ ಚಿಕ್ಕ ಘಟಕವಾದ ‘ವೇ’ಯಲ್ಲಿ ಮೊತ್ತ ಕೇಳುತ್ತದೆ, ಒಂದು ಈಥರ್‌ಗೆ 1ರ ಮುಂದೆ 18 ಸೊನ್ನೆ. ಸೊನ್ನೆ ಎಣಿಸುವ ಕಷ್ಟ ತಪ್ಪಿಸಲು ಅಲ್ಲಿ ಘಾತದ ಬರವಣಿಗೆಗೆ ಅವಕಾಶವಿದೆ. ಎರಡೂ ನಡೆಯುತ್ತವೆ, ಆದರೆ ಘಟಕ ಯಾವುದೆಂಬ ಅನುಮಾನ ಉಳಿಯಬಾರದು.

ಲೆಕ್ಕವನ್ನು ನಾನು ಪೈಸೆಯಲ್ಲಿ, ಪೂರ್ಣಾಂಕವಾಗಿಯೇ ಇಡುತ್ತೇನೆ. ಕಂಪ್ಯೂಟರಿನ ದಶಮಾಂಶ ಲೆಕ್ಕದಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ತಡವಾದ ಬಾಕಿಗೆ ಬಡ್ಡಿ ಹಾಕುವ ಸೊಸೈಟಿಯ ಲೆಕ್ಕಕ್ಕೆ ಇಂಥ ಬಾಲ ಅಂಟಬಾರದು. ಲಿಂಕ್ ಕಟ್ಟುವ ಕೊನೆಯ ಹೆಜ್ಜೆಯಲ್ಲಷ್ಟೇ ಪೈಸೆಯನ್ನು ರೂಪಾಯಿಗೆ ತಿರುಗಿಸಿ, ಬಿಂದುವಿನ ನಂತರ ಎರಡು ಅಂಕಿ ಇಡುತ್ತೇನೆ.

ಹೊಸ ಲಿಂಕನ್ನು ಯಾರಿಗಾದರೂ ಕೊಡುವ ಮೊದಲು 0.50, 999.99, 12500.00 ಹಾಕಿ, ಮರಾಠಿ, ಕನ್ನಡ, ಇಂಗ್ಲಿಷ್ ಫೋನುಗಳಲ್ಲಿ ಬೇರೆಬೇರೆ ಆ್ಯಪ್‌ಗಳಿಂದ ತೆರೆದು ನೋಡಿ. ಲಿಂಕ್ ಒತ್ತುವವರು ಮೊತ್ತವನ್ನು ತಾವು ಬರೆಯುವುದಿಲ್ಲ. ನಾವು ಬರೆದಿಟ್ಟಿದ್ದನ್ನು ನಂಬಿ ಪಿನ್ ಹಾಕುತ್ತಾರೆ. ಆ ನಂಬಿಕೆಗೆ ತಕ್ಕಷ್ಟು ಎಚ್ಚರ ನಮ್ಮಲ್ಲಿರಬೇಕು.