ಜಾಲಪುಟದಿಂದ ಪಂಪ್‌ಸೆಟ್ ಚಾಲನೆ: ಪುಟ್ಟ ಕಂಪ್ಯೂಟರಿಗೆ ಆಜ್ಞೆ ಕೊಡುವ ಸುರಕ್ಷಿತ ಕ್ರಮ

ಮಲೆನಾಡಿನಲ್ಲಿ ಮನೆ ಏರಿನ ಮೇಲೆ, ಅಡಿಕೆ ತೋಟ ಕಣಿವೆಯಲ್ಲಿ, ಪಂಪ್‌ಸೆಟ್ ಹಳ್ಳದ ಬದಿಯಲ್ಲಿ ಇರುವುದು ಸಾಮಾನ್ಯ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಅಡಿಕೆ ಮರವೊಂದಕ್ಕೆ 3ರಿಂದ 5 ದಿನಗಳಿಗೊಮ್ಮೆ ಸುಮಾರು 175 ಲೀಟರ್ ನೀರು ಕೊಡಬೇಕು. ಮೂರು ಫೇಸ್ ವಿದ್ಯುತ್ ರಾತ್ರಿ ಬಂದರೆ ಟಾರ್ಚ್ ಹಿಡಿದು ಹಳ್ಳಕ್ಕೆ ಇಳಿಯಬೇಕಾಗುತ್ತದೆ. ಆದ್ದರಿಂದ ಹಿರೇಕೊಡಿಗೆ ಹಾಗೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಇತರ ಊರುಗಳ ಬೇಸಾಯಗಾರರಿಗೆ ಮನೆಯಿಂದಲೇ ಪಂಪು ನಡೆಸುವ ವ್ಯವಸ್ಥೆ ಉಪಯುಕ್ತ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು 2012ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಇದನ್ನು ಮನೆಯಲ್ಲೇ ಜೋಡಿಸಿಕೊಳ್ಳುವುದು ಸುಲಭವಾಗಿದೆ. ಆದರೆ ಆಜ್ಞೆ ಕೊಡುವ ಕ್ರಮ ತಪ್ಪಿದರೆ ಪಂಪು ಮಾತ್ರವಲ್ಲ, ಇಡೀ ಕಂಪ್ಯೂಟರೇ ಪರರ ಕೈಗೆ ಹೋಗಬಹುದು.

ಕೆಲಸ ಮಾಡುವ ಬಗೆ

ಮೊಬೈಲಿನಲ್ಲಿ ತೆರೆದ ಜಾಲಪುಟದ ಗುಂಡಿಯನ್ನು ಒತ್ತಿದಾಗ ಆ ಕೋರಿಕೆ ಪುಟ್ಟ ಕಂಪ್ಯೂಟರಿನಲ್ಲಿರುವ ವೆಬ್ ಸರ್ವರನ್ನು ತಲುಪುತ್ತದೆ. ಸರ್ವರು ಪಿಎಚ್‌ಪಿ ಅಥವಾ ಪೈಥಾನ್ ಭಾಷೆಯಲ್ಲಿ ಬರೆದಿಟ್ಟ ಸ್ಕ್ರಿಪ್ಟನ್ನು ನಡೆಸುತ್ತದೆ. ಸ್ಕ್ರಿಪ್ಟು ಲಿನಕ್ಸ್ ವ್ಯವಸ್ಥೆಗೆ ಆಜ್ಞೆ ಕೊಡುತ್ತದೆ. ಆಗ ಕಂಪ್ಯೂಟರಿನ ಒಂದು ಪಿನ್ನಿನಲ್ಲಿ 3.3 ವೋಲ್ಟ್ ಬಂದು, ರಿಲೇ ಮಾಡ್ಯೂಲಿನ ಮೂಲಕ ಸ್ಟಾರ್ಟರು ಚಾಲೂ ಆಗುತ್ತದೆ. ಪಿನ್ನಿಗೆ ರಿಲೇ ಸುರುಳಿಯನ್ನು ನೇರವಾಗಿ ಜೋಡಿಸಬಾರದು.

ಅಪಾಯವೆಲ್ಲಿ?

ಎಷ್ಟು ನಿಮಿಷ ನೀರು ಬಿಡಬೇಕೆಂದು ಬರೆಯಲು ಪುಟದಲ್ಲಿ ಒಂದು ಚೌಕವಿದೆ ಎಂದಿಟ್ಟುಕೊಳ್ಳೋಣ. ಬರೆದದ್ದನ್ನು ಸ್ಕ್ರಿಪ್ಟು ಹಾಗೆಯೇ ಆಜ್ಞೆಯ ಕೊನೆಗೆ ಸೇರಿಸಿ ಶೆಲ್‌ಗೆ ಒಪ್ಪಿಸಿದರೆ ಅಪಾಯ ಅಲ್ಲಿಂದ ಪ್ರಾರಂಭ. ಶೆಲ್ ಎಂದರೆ ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶ. ಅರ್ಧವಿರಾಮ ಚಿಹ್ನೆ ಕಂಡರೆ ಒಂದು ಆಜ್ಞೆ ಮುಗಿಯಿತು, ಮುಂದಿನದನ್ನು ನಡೆಸಬೇಕು ಎಂದು ಅದು ತಿಳಿಯುತ್ತದೆ. ಯಾರಾದರೂ 40 ಎಂದು ಬರೆದು, ಆ ಚಿಹ್ನೆ ಹಾಕಿ, ಕಡತ ಅಳಿಸುವ ಆಜ್ಞೆಯನ್ನು ಬರೆದರೆ ಶೆಲ್ ಎರಡನ್ನೂ ನಡೆಸಲು ಹೊರಡುತ್ತದೆ. ಚೀಟಿಯಲ್ಲಿ ಬರೆದದ್ದನ್ನೆಲ್ಲ ಮರುಮಾತಿಲ್ಲದೆ ಮಾಡುವ ಆಳಿನಂತೆ ಇದು. ‘ನೀರು ಬಿಡು’ ಎಂಬುದರ ಕೆಳಗೆ ಬೇರೆಯವರು ‘ಕಣಜದ ಬೀಗ ತೆಗೆ’ ಎಂದು ಸೇರಿಸಿದರೆ ಅದನ್ನೂ ಮಾಡಿಬಿಡುತ್ತಾನೆ.

ಸಣ್ಣ ಯಂತ್ರವನ್ನು ಯಾರು ಕೇಳುತ್ತಾರೆ ಎಂಬ ಭಾವನೆ ಸರಿಯಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ತಯಾರಕರು ಇಟ್ಟ ಗುಪ್ತಪದವನ್ನು ಬದಲಿಸದೇ ಇದ್ದ ಕ್ಯಾಮೆರಾ, ರೌಟರ್‌ಗಳಂಥ ಪುಟ್ಟ ಯಂತ್ರಗಳನ್ನೇ ಜಗತ್ತಿನಾದ್ಯಂತ ವಶಪಡಿಸಿಕೊಂಡಿತು.

ಅನುಸರಿಸಬೇಕಾದ ಕ್ರಮಗಳು

1. ಬರೆಯುವ ಚೌಕದ ಬದಲು 20, 40, 60 ನಿಮಿಷಗಳ ಗುಂಡಿಗಳನ್ನಿಡಬೇಕು. ಇಷ್ಟೇ ಸಾಲದು, ಪುಟವನ್ನು ತೆರೆಯದೆಯೂ ಸರ್ವರಿಗೆ ಕೋರಿಕೆ ಕಳಿಸಬಹುದು. ಆದ್ದರಿಂದ ಬಂದದ್ದು ಈ ಮೂರರಲ್ಲಿ ಒಂದೇ ಎಂದು ಸ್ಕ್ರಿಪ್ಟು ಪರೀಕ್ಷಿಸಿ, ಉಳಿದುದನ್ನು ತಿರಸ್ಕರಿಸಬೇಕು.

2. ಪೈಥಾನಿನ ಸಬ್‌ಪ್ರೊಸೆಸ್‌ನಲ್ಲಿ ಆಜ್ಞೆಯನ್ನೂ ಅಂಕಿಯನ್ನೂ ಪಟ್ಟಿಯಾಗಿ ಬೇರೆ ಬೇರೆ ಕೊಟ್ಟರೆ ಶೆಲ್ ನಡುವೆ ಬರುವುದಿಲ್ಲ. ಆಜ್ಞೆ ಇರುವ ಜಾಗದ ಪೂರ್ಣ ವಿಳಾಸವನ್ನು ಬರೆಯಬೇಕು.

3. ವೆಬ್ ಸರ್ವರಿಗೆ ಅಧಿಕಾರ ಕಡಿಮೆ. ಕೀಲಿಮಣೆಯಿಂದ ಕೊಟ್ಟಾಗ ನಡೆಯುವ ಆಜ್ಞೆ ಪುಟದಿಂದ ನಡೆಯದಿರಲು ಬಹುಮಟ್ಟಿಗೆ ಇದೇ ಕಾರಣ. ಆಗ ಬೇಸತ್ತು ಸುಡೋ ಮೂಲಕ ಸರ್ವಾಧಿಕಾರ ಕೊಡುವುದು ಬೀಗದ ಕೈ ಗೊಂಚಲನ್ನೇ ಕೊಟ್ಟಂತೆ. ಪಿನ್ನು ನಡೆಸಲು ಸರ್ವರಿನ ಬಳಕೆದಾರನನ್ನು ಜಿಪಿಐಒ ಗುಂಪಿಗೆ ಸೇರಿಸಿದರೆ ಸಾಕು. ಸುಡೋ ಅನಿವಾರ್ಯವಾದರೆ ಒಂದೇ ಒಂದು ನಿಗದಿತ ಆಜ್ಞೆಗೆ ಮಾತ್ರ ಅನುಮತಿ ಕೊಡಬೇಕು.

4. ಪುಟದ ಸ್ಕ್ರಿಪ್ಟು ಕೋರಿಕೆಯನ್ನು ದಾಖಲಿಸಿ ಮುಗಿಯಬೇಕು. ಪಂಪು ನಡೆಸಿ, ಸಮಯಕ್ಕೆ ನಿಲ್ಲಿಸುವ ಕೆಲಸವನ್ನು ಹಿನ್ನೆಲೆಯಲ್ಲಿ ಸದಾ ನಡೆಯುವ ಬೇರೊಂದು ಸೇವೆಗೆ ವಹಿಸಬೇಕು. ಇಲ್ಲವಾದರೆ ಸ್ಕ್ರಿಪ್ಟು ನಡುವೆ ಕಡಿದಾಗ ಪಂಪು ನಿಲ್ಲದೆ, ಹಳ್ಳ ಬರಿದಾದ ಮೇಲೂ ಓಡಬಹುದು.

5. ಪುಟವನ್ನು ಮನೆಯ ವೈಫೈಗೆ ಸೀಮಿತಗೊಳಿಸಿ, ಗುಪ್ತಪದವಿಡಬೇಕು. ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿಡಬಾರದು. ವೈಫೈ ಪಂಪ್‌ಮನೆಯವರೆಗೆ ತಲುಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ವಿದ್ಯುತ್ ಎಚ್ಚರಿಕೆ

ಕಂಪ್ಯೂಟರನ್ನು ನಂಬಿ ಸ್ಟಾರ್ಟರಿನ ಓವರ್‌ಲೋಡ್ ರಿಲೇ, ನೀರಿಲ್ಲದಾಗ ಮೋಟಾರು ನಿಲ್ಲಿಸುವ ಸಾಧನ, ಕೈಯಿಂದ ಒತ್ತುವ ಕೆಂಪು ಗುಂಡಿ ಇವುಗಳಲ್ಲಿ ಯಾವುದನ್ನೂ ತೆಗೆಯಬಾರದು. ವಿದ್ಯುತ್ ಹೋಗಿ ಬಂದಾಗ ಪಂಪು ತಾನಾಗಿ ಪ್ರಾರಂಭವಾಗದಂತೆ ಜೋಡಿಸಬೇಕು. ಹಳ್ಳದಲ್ಲಿ ಫುಟ್‌ವಾಲ್ವ್ ಬಿಚ್ಚುತ್ತಿರುವವರ ಜೀವದ ಪ್ರಶ್ನೆ ಇದು. ಸ್ಟಾರ್ಟರಿನ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು.

ಮೋಟಾರು ಜೋಡಿಸುವ ಮೊದಲು ಅದರ ಜಾಗದಲ್ಲಿ ಒಂದು ಬಲ್ಬು ಹಾಕಿ ಪರೀಕ್ಷಿಸುವುದು ಒಳಿತು. ತಪ್ಪು ಅಂಕಿಯ ಕೋರಿಕೆ ಕಳಿಸಿದಾಗ ಬಲ್ಬು ಉರಿಯಬಾರದು. ನಡುವೆ ಪುಟ ಮುಚ್ಚಿದರೂ ನಿಗದಿತ ಸಮಯಕ್ಕೆ ಆರಬೇಕು. ವಿದ್ಯುತ್ ತೆಗೆದು ಕೊಟ್ಟಾಗ ಆರಿಯೇ ಇರಬೇಕು. ಈ ಮೂರೂ ಸರಿಬಂದಲ್ಲಿ ಮಾತ್ರ ತೋಟದ ನೀರನ್ನು ಇದಕ್ಕೆ ಒಪ್ಪಿಸಬಹುದು.