ಕೆಮ್ಮಿಲ್ಲದ ಕ್ಷಯ

ಕ್ಷಯ ಎಂದೊಡನೆ ನಮಗೆ ನೆನಪಾಗುವುದು ಕೆಮ್ಮಿ ಕೆಮ್ಮಿ ಸೊರಗಿದ ರೋಗಿ. ಆದರೆ ಕೆಮ್ಮೇ ಇಲ್ಲದ ಕ್ಷಯವೂ ಇದೆ. ನಮ್ಮ ದೇಶದ ಕ್ಷಯರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ರೋಗವಿರುವುದು ಶ್ವಾಸಕೋಶದ ಹೊರಗೆ. ಉಸಿರಿನೊಂದಿಗೆ ಒಳಹೊಕ್ಕ ರೋಗಾಣು ರಕ್ತದ ಮೂಲಕ ಸಾಗಿ ಬೇರೆ ಅಂಗಗಳಲ್ಲೂ ನೆಲೆಸುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ದೇಹದ ಶಕ್ತಿ ಕುಂದಿದಾಗ ತಲೆಯೆತ್ತುತ್ತದೆ.

ಹೆಚ್ಚಾಗಿ ಕಾಣುವುದು ಕುತ್ತಿಗೆಯ ಗಂಟು. ಕತ್ತಿನ ಬದಿಯಲ್ಲಿ ಅಡಿಕೆ ಗಾತ್ರದ್ದೊಂದು ಏಳುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಹಾಗಾಗಿ ಯಾರೂ ಲೆಕ್ಕಿಸುವುದಿಲ್ಲ. ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕೆಲವರಿಗೆ ಇರುತ್ತದೆ, ಕೆಲವರಿಗೆ ಅದೂ ಇರದು. ಹುಡುಗಿಯಾದರೆ, ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂದು ಶಿರವಸ್ತ್ರದೊಳಗೆ ಮುಚ್ಚಿಡುವ ಮನೆಗಳೂ ಇವೆ. ಹಾಗೆ ಮುಚ್ಚಿಟ್ಟ ಗಂಟು ಒಡೆದು ಕೀವು ಸೋರಿದರೆ ಕಲೆ ಜೀವನಪೂರ್ತಿ ಉಳಿಯುತ್ತದೆ. ಎಲ್ಲ ಗಂಟೂ ಕ್ಷಯವಲ್ಲ, ನಿಜ. ಎರಡು ವಾರವಾದರೂ ಕರಗದಿದ್ದರೆ ವೈದ್ಯರಿಗೆ ತೋರಿಸಿ. ಇಲ್ಲಿ ಕಫ ಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ಸೂಜಿಯಿಂದ ಗಂಟಿನ ಅಂಶ ತೆಗೆದು ಪರೀಕ್ಷಿಸಬೇಕಾಗುತ್ತದೆ.

ಬೆನ್ನುಮೂಳೆಗೆ ತಗಲಿದರೆ ವಾರಗಟ್ಟಲೆ ಬಿಡದ ಬೆನ್ನುನೋವು; ಅಲಕ್ಷಿಸಿದರೆ ಕಾಲುಗಳ ಬಲವೇ ಹೋಗಬಹುದು. ಗರ್ಭನಾಳಕ್ಕೆ ತಗಲಿದರೆ ಮಕ್ಕಳಾಗದಿರಬಹುದು. ಮಿದುಳಿನ ಪೊರೆಯ ಕ್ಷಯ ಎಲ್ಲಕ್ಕಿಂತ ಅಪಾಯಕಾರಿ. ಜ್ವರದೊಂದಿಗೆ ಬಿಡದ ತಲೆನೋವು, ವಾಂತಿ, ಮಂಪರು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಶಿಶುಗಳಿಗೆ ಹುಟ್ಟಿದ ಕೂಡಲೇ ಬಿ.ಸಿ.ಜಿ. ಹಾಕಿಸುವುದು ಮುಖ್ಯವಾಗಿ ಇಂಥ ತೀವ್ರ ಕ್ಷಯವನ್ನು ತಡೆಯಲು.

ಗಂಟಿನ ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಔಷಧ. ಮೂಳೆ, ಮಿದುಳಿಗಾದರೆ ಒಂದು ವರ್ಷ ಅಥವಾ ಇನ್ನೂ ಹೆಚ್ಚು. ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತವಲ್ಲ, ಔಷಧದ ಬಣ್ಣ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಿ. ಚಿಕಿತ್ಸೆಯ ನಡುವೆ ಗಂಟು ಮತ್ತೆ ಊದಿಕೊಳ್ಳುವುದೂ ಉಂಟು. ಔಷಧ ಹಿಡಿಯಲಿಲ್ಲವೆಂದು ನೀವೇ ನಿರ್ಧರಿಸಿ ಬಿಟ್ಟುಬಿಡಬೇಡಿ, ವೈದ್ಯರನ್ನು ಕೇಳಿ. ಗುಣವಾಯಿತೆಂದು ನಡುವೆ ನಿಲ್ಲಿಸುವುದಂತೂ ಇನ್ನೂ ಕೆಟ್ಟದು. ರೋಗ ಮರುಕಳಿಸಿ, ಮಾತ್ರೆಗೆ ಬಗ್ಗದ ಕ್ಷಯವಾಗಬಹುದು. ರಮಝಾನ್ ಬಂತೆಂದೂ ನಿಲ್ಲಿಸುವಂತಿಲ್ಲ. ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆಯಲ್ಲ.

ಇನ್ನು ತಟ್ಟೆ–ಲೋಟ ಬೇರೆ ಮಾಡುವ ವಿಷಯ. ಶ್ವಾಸಕೋಶದಲ್ಲಿ ರೋಗವಿಲ್ಲವೆಂದು ಎದೆಯ ಎಕ್ಸ್‌ರೇಯಿಂದಲೂ ವೈದ್ಯರ ತಪಾಸಣೆಯಿಂದಲೂ ಖಚಿತವಾದರೆ, ಗಂಟಿನ ಕ್ಷಯ ಮನೆಯವರಿಗೆ ಸಾಮಾನ್ಯವಾಗಿ ಹರಡುವುದಿಲ್ಲ. ಮಗಳು ಎಲ್ಲರೊಂದಿಗೆ ಒಂದೇ ಸುಪ್ರಾದಲ್ಲಿ ಕೂತು ಉಣ್ಣಲಿ. ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಹೆಸರು ನೋಂದಾಯಿಸಿದರೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ಪಾಸ್‌ಬುಕ್ ಜೊತೆಗೊಯ್ಯಿರಿ.