ನೀರಿನಡಿಯ ಸಮಾಧಿ

ನವೆಂಬರ್ 2ರಂದು ನಾವು ನಮ್ಮವರ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಬತ್ತಿ ಹಚ್ಚಲು ಕಲ್ಲೇ ಇಲ್ಲದ ಸಮಾಧಿಯೊಂದು ಅಮೆರಿಕದ ಹವಾಯಿಯಲ್ಲಿ, ಪರ್ಲ್ ಹಾರ್ಬರ್ ಬಂದರಿನ ನೀರಿನಡಿ ಇದೆ. ಅದು 'ಅರಿಝೋನಾ' ಎಂಬ ಯುದ್ಧನೌಕೆ.

1941ರ ಡಿಸೆಂಬರ್ 7, ಭಾನುವಾರ. ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ಜಪಾನಿನ ವಿಮಾನಗಳು ಬಂದೆರಗಿದವು. ಒಂದು ಬಾಂಬು ಅರಿಝೋನಾದ ಮದ್ದುಗುಂಡಿನ ಕೋಣೆಯನ್ನೇ ಸಿಡಿಸಿತು. ಕೆಲವೇ ನಿಮಿಷಗಳಲ್ಲಿ ನೌಕೆ ಮುಳುಗಿತು. ಸತ್ತವರು 1,177 ಮಂದಿ. ಅವರಲ್ಲಿ ಒಟ್ಟಿಗೆ ಸೇವೆಯಲ್ಲಿದ್ದ ಅಣ್ಣತಮ್ಮಂದಿರೂ ಇದ್ದರು. ಒಂದೇ ಮನೆಗೆ ಎರಡೆರಡು ಸಾವಿನ ಸುದ್ದಿ ಹೋದಾಗ ಆ ತಾಯಂದಿರ ಪಾಡು ಏನಾಗಿರಬೇಕು!

ಅದೇ ಬಂದರಿನಲ್ಲಿ 'ಒಕ್ಲಹೋಮಾ' ನೌಕೆಯೂ ಮಗುಚಿಬಿತ್ತು. ಅದರಲ್ಲಿದ್ದ ನೌಕಾಪಡೆಯ ಗುರುಗಳಾದ ಫಾದರ್ ಅಲೋಶಿಯಸ್ ಶ್ಮಿಟ್ ಆಗಷ್ಟೇ ಬಲಿಪೂಜೆ ಮುಗಿಸಿದ್ದರು. ಒಂದು ಚಿಕ್ಕ ದುಂಡು ಕಿಟಕಿಯಿಂದ ಹನ್ನೆರಡು ಮಂದಿಯನ್ನು ಹೊರಗೆ ತಳ್ಳಿ ಉಳಿಸಿ, ತಾವು ಒಳಗೇ ಉಳಿದು ತೀರಿಕೊಂಡರು. ಒಕ್ಲಹೋಮಾವನ್ನು ಮುಂದೆ ಮೇಲೆತ್ತಲಾಯಿತು. ಫಾದರ್ ಶ್ಮಿಟ್‌ರ ಅವಶೇಷಗಳನ್ನು ಗುರುತಿಸಲು 2016ರವರೆಗೂ ಕಾಯಬೇಕಾಯಿತು. ಆದರೂ ಅವರು ತಮ್ಮ ಊರ ಕಡೆಗೆ ಮರಳಿದರು. ಅರಿಝೋನಾದವರಿಗೆ ಆ ಭಾಗ್ಯವಿರಲಿಲ್ಲ. ಒಂಬೈನೂರಕ್ಕೂ ಹೆಚ್ಚು ಮಂದಿ ಇಂದಿಗೂ ನೌಕೆಯೊಳಗೇ ಇದ್ದಾರೆ.

ಅಲ್ಲಿಗೆ ಹೋಗುವವರನ್ನು ನೌಕಾಪಡೆಯ ದೋಣಿ ಕರೆದೊಯ್ಯುತ್ತದೆ. ಮುಳುಗಿದ ನೌಕೆಯ ಮೇಲೆ ಅಡ್ಡಲಾಗಿ, ಅದನ್ನು ಎಲ್ಲಿಯೂ ಮುಟ್ಟದಂತೆ, 184 ಅಡಿ ಉದ್ದದ ಬಿಳಿ ಸ್ಮಾರಕ ನಿಂತಿದೆ. 1962ರಲ್ಲಿ ಅರ್ಪಣೆಯಾದದ್ದು. ಅದರ ಎರಡು ತುದಿ ಎತ್ತರ, ನಡು ತಗ್ಗು. ಮೊದಲ ಸೋಲಿನಲ್ಲಿ ಕುಗ್ಗಿ ಕೊನೆಗೆ ಗೆದ್ದ ದೇಶದ ಗುರುತು ಎಂಬುದು ಅದರ ಅರ್ಥ. ರೂಪಿಸಿದ ಆಲ್ಫ್ರೆಡ್ ಪ್ರೈಸ್ ಹುಟ್ಟಿನಿಂದ ಆಸ್ಟ್ರಿಯಾದವರು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಅವರನ್ನೇ, ಈ ದಾಳಿಯಾದ ಮೇಲೆ, ಶತ್ರುದೇಶದವನೆಂದು ಹವಾಯಿಯ ಶಿಬಿರದಲ್ಲಿ ಕೂಡಿಹಾಕಿದ್ದರು. ಹಾಗೆ ಅನುಮಾನಕ್ಕೆ ಒಳಗಾದವರ ಕೈಯಿಂದಲೇ ಈ ಗೋರಿಗೆ ಸೂರು ಬಂದಿತು.

ನೀವು ಹೋದರೆ ಗೆಲುವಿನ ಮಾತನ್ನು ದಡದಲ್ಲೇ ಬಿಟ್ಟು ಹೋಗಿರಿ. ಒಳಗಿನ ಅಮೃತಶಿಲೆಯ ಗೋಡೆಯ ಮೇಲೆ ಸತ್ತವರೆಲ್ಲರ ಹೆಸರುಗಳಿವೆ. ಒಂದೇ ಮನೆತನದ ಹೆಸರು ಎರಡು ಸಲ ಬಂದ ಕಡೆ ಸ್ವಲ್ಪ ನಿಲ್ಲಿರಿ. ಆಮೇಲೆ ನೀರನ್ನು ನೋಡಿರಿ. ನೌಕೆಯ ಹೊಟ್ಟೆಯಿಂದ ಎಣ್ಣೆ ಹನಿಹನಿಯಾಗಿ ಮೇಲೆದ್ದು, ಕಾಮನಬಿಲ್ಲಿನ ಬಣ್ಣದಲ್ಲಿ ಹರಡುತ್ತದೆ. ಎಂಬತ್ತು ವರ್ಷ ಕಳೆದರೂ ಅದು ನಿಂತಿಲ್ಲ. ಜನ ಅದನ್ನು ಅರಿಝೋನಾದ ಕಣ್ಣೀರು ಎನ್ನುತ್ತಾರೆ.

ಅಂದು ಬದುಕಿ ಉಳಿದವರು ಮುನ್ನೂರಕ್ಕೂ ಸ್ವಲ್ಪ ಹೆಚ್ಚು. ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲವನ್ನೂ ಕಂಡ ಮೇಲೂ ಅವರಲ್ಲಿ ಕೆಲವರು, ತಾವು ಸತ್ತ ಮೇಲೆ ಅದೇ ನೌಕೆಗೆ ಸೇರಬೇಕೆಂದು ಕೇಳಿಕೊಂಡರು. 1982ರಿಂದ ಅಂಥವರ ಚಿತಾಭಸ್ಮದ ಪಾತ್ರೆಯನ್ನು ಮುಳುಗುಗಾರರು ನೀರೊಳಗೆ ಒಯ್ದು, ನಾಲ್ಕನೆಯ ಫಿರಂಗಿ ಗೋಪುರದ ಬುಡದಲ್ಲಿ ಇರಿಸತೊಡಗಿದರು. ಭಸ್ಮವನ್ನು ನೀರಿಗೆ ಚೆಲ್ಲುವುದಲ್ಲ, ಗೆಳೆಯರ ಪಕ್ಕದಲ್ಲಿ ಜಾಗ ಕೊಡುವುದು. ಹೆಂಡತಿಯ ಸಮಾಧಿಯ ಬಳಿಗಲ್ಲದೆ ಇಲ್ಲಿಗೇಕೆ ಎಂದು ನಾವು ಕೇಳಬಹುದು. ಇಪ್ಪತ್ತರ ವಯಸ್ಸಿನಲ್ಲಿ ಬಿಟ್ಟುಬಂದ ಜೊತೆಗಾರರ ಋಣವೂ ಋಣವೇ ಅಲ್ಲವೇ?

ಹೀಗೆ ಮರಳಿದವರಲ್ಲಿ ಕೊನೆಯವರನ್ನು 2019ರ ಡಿಸೆಂಬರ್ 7ರಂದು ಒಳಗಿಳಿಸಲಾಯಿತು. ಬದುಕುಳಿದವರಲ್ಲಿ ಕಡೆಯವರು 2024ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಮಾತ್ರ ಹೆಂಡತಿಯ ಪಕ್ಕದಲ್ಲಿ ಮಲಗಲು ಬಯಸಿದ್ದರು.